ದುರ್ಗಾ ಹೊಲಿದ ಸಿಂಬಿ

ಸುರಪುರದ ಕಡೆಯ ಹುಲಿಗೆವ್ವ ಪುಣೆಗೆ ಬಂದದ್ದು ಮದುವೆಯಾದ ವರ್ಷವೇ. ಗಂಡ ಜಟ್ಟೆಪ್ಪ ಗೋಡೆ ಕಟ್ಟುತ್ತಿದ್ದ, ಅವಳು ಇಟ್ಟಿಗೆ ಹೊರುತ್ತಿದ್ದಳು. ಒಂದು ಕಟ್ಟಡ ಮುಗಿದರೆ ತಗಡಿನ ಮನೆ ಕಿತ್ತು ಇನ್ನೊಂದರ ಬುಡದಲ್ಲಿ ಹೂಡುವುದು. ಹೀಗೆ ಅಲೆಯುತ್ತಲೇ ಒಬ್ಬಳೇ ಮಗಳು ದುರ್ಗಾಳನ್ನು ದೇಹೂ ರೋಡ್ ಬಳಿಯ ಕಾಲೇಜಿನವರೆಗೆ ಓದಿಸಿದ್ದರು.

ಅಲ್ಲಿ ಕಾಮರ್ಸ್ ಕಲಿಸುತ್ತಿದ್ದ ಹಾಸನದ ರಂಜಿನಿ ಮೇಡಂ, ಓದಿ ನೌಕರಿ ಹುಡುಕುವುದೊಂದೇ ದಾರಿಯಲ್ಲ ಎನ್ನುತ್ತಿದ್ದರು. ಸುತ್ತಲಿನವರ ಕಷ್ಟ ನೋಡಿ, ಅದನ್ನು ನೀಗುವ ವಸ್ತು ಮಾಡಿ, ಅದನ್ನೇ ನಿಮ್ಮ ಸ್ವಂತ ಉದ್ಯೋಗವಾಗಿಸಿಕೊಳ್ಳಿ ಎಂದು ಹುರಿದುಂಬಿಸುತ್ತಿದ್ದರು. ದುರ್ಗಾ ದೂರ ಹುಡುಕಲಿಲ್ಲ. ಇಟ್ಟಿಗೆ ಹೊತ್ತು ನೋಯುತ್ತಿದ್ದ ಅವ್ವನ ಕುತ್ತಿಗೆ ನೋಡಿದಳು.

"ಯವ್ವಾ, ಇದನ್ನ ತಲಿ ಮ್ಯಾಲ ಇಟ್ಕೊಂಡು ನೋಡು," ಎಂದು ಒಂದು ಸಂಜೆ, ಹೊರೆಯ ಕೆಳಗಿಡಲು ತಾನೇ ಹೊಲಿದ ಹೊಸ ಸಿಂಬಿ ಕೊಟ್ಟಳು. ಎಲ್ಲರದರಂತೆ ಹಳೆ ಸೀರೆಯನ್ನು ಸುತ್ತಿ ಮಾಡಿದ್ದಲ್ಲ. ಒಳಗೆ ಸ್ಪಂಜು, ಹಿಂದೆ ಕುತ್ತಿಗೆಗೆ ಆಸರೆಯಾಗುವ ದಪ್ಪ ಪಟ್ಟಿ.

"ಭಾಳ ಹಗುರ ಅನಸ್ತದ."

"ನಾನೂ ನನ್ನ ಗೆಳತ್ಯಾರೂ ಕೂಡಿ ಮಾರ್ತೀವಿ."

"ಇಟ್ಟಂಗಿ ಹೊರಾಕಿ ಮಗಳು ಅಂಗಡಿ ಇಡ್ತಾಳಂತ," ಎಂದು ಹುಲಿಗೆವ್ವ ನಕ್ಕಳು. ಮರುದಿನ ಜೊತೆಯ ಹೆಂಗಸರಿಗೆಲ್ಲ ತಾನೇ ತೋರಿಸಿದಳು. ಮೇಡಂ ಏರ್ಪಡಿಸಿದ್ದ ಉದ್ಯಮ ಪ್ರದರ್ಶನದ ದಿನ ಕಾಲೇಜಿನ ವೇದಿಕೆಯ ಮೇಲೆ ದುರ್ಗಾ ಮರಾಠಿಯಲ್ಲಿ ತನ್ನ ಸಿಂಬಿಯ ಬಗ್ಗೆ ಮಾತಾಡಿದಾಗ ಹಿಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಮಳೆಗಾಲದಲ್ಲೇ ದುರ್ಗಾಳಿಗೆ ಡೆಂಗಿ ಜ್ವರ ಬಂತು. ನೆಗಡಿಯಿಂದ ಬಂದ ಜ್ವರವೆಂದು ಮನೆಯಲ್ಲೇ ಇಟ್ಟುಕೊಂಡರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕೈಮೀರಿತ್ತು. ಜಟ್ಟೆಪ್ಪ ರಕ್ತ ಕೊಡುವವರನ್ನು ಹುಡುಕಿ ತರುವುದರೊಳಗೆ ಹುಡುಗಿ ಹೋಗಿಬಿಟ್ಟಿದ್ದಳು.

ತಿಂಗಳು ಕಳೆದ ಮೇಲೆ ರಂಜಿನಿ ಮೇಡಂ ದುರ್ಗಾಳ ಗೆಳತಿಯರನ್ನು ಕರೆದುಕೊಂಡು ಬಂದರು.

"ಅಮ್ಮ, ಇವ್ರು ದುರ್ಗಾ ಶುರು ಮಾಡಿದ ಕೆಲ್ಸ ಮುಂದುವರಿಸ್ಬೇಕು ಅಂತಿದ್ದಾರೆ. ನೀವು ಬೇಡ ಅಂದ್ರೆ ನಿಲ್ಲಿಸ್ಬಿಡ್ತೀವಿ," ಎಂದರು ಮೇಡಂ.

"ಮಾಡ್ರಿ," ಎಂದಳು ಹುಲಿಗೆವ್ವ. "ಹೆಣ್ಮಕ್ಕಳ ಕುತಗಿ ಉಳೀಲಿ. ಆದ್ರ ನನ್ ಮುಂದ ಮಾತ್ರ ತರಬ್ಯಾಡ್ರಿ."

ಹುಡುಗಿಯರು ಮಾಡಿದರು. ದೂರದ ಸಾಸವಡದ ಕಡೆಯ ಕಟ್ಟಡದ ಕೆಲಸಗಳಲ್ಲೂ ಆ ಸಿಂಬಿ ಕಾಣತೊಡಗಿತು. ಹುಲಿಗೆವ್ವ ಮಾತ್ರ ತನ್ನದನ್ನು ಮಗಳ ಬಟ್ಟೆಗಳ ಜೊತೆ ಟ್ರಂಕಿನಲ್ಲಿಟ್ಟು, ಹಳೆ ಸೀರೆಯ ತುಂಡನ್ನೇ ಸುತ್ತಿಕೊಂಡು ಇಟ್ಟಿಗೆ ಹೊತ್ತಳು.

ದೀಪಾವಳಿಯ ಹೊತ್ತಿಗೆ ಅವರು ದುಡಿಯುತ್ತಿದ್ದ ಕಟ್ಟಡ ಮುಗಿಯಿತು. ಜೊತೆಯವರೆಲ್ಲ ದೂರದ ಭೋರ್ ಊರಿನ ಕಡೆಯ ಹೊಸ ಕೆಲಸಕ್ಕೆ ಗಂಟು ಕಟ್ಟಿದರು.

"ಭೋರ್ ಬ್ಯಾಡ ಅಂದ್ರ ಊರಿಗರೆ ಹೋಗೂಣು," ಎಂದ ಜಟ್ಟೆಪ್ಪ, ಗಂಟು ಕಟ್ಟದೆ ಕೂತಿದ್ದ ಹೆಂಡತಿಗೆ.

"ನೀವು ಹೋಗ್ರಿ," ಎಂದಳು ಹುಲಿಗೆವ್ವ. "ಆಕಿನ್ನ ಇಲ್ಲೇ ಮಣ್ಣು ಮಾಡೀವಿ. ಒಬ್ಬಾಕಿನ್ನ ಬಿಟ್ಟು ನಾ ಎಲ್ಲಿಗಿ ಬರ್ಲಿ?"

ಮರುದಿನ ಜೊತೆಯವರ ಲಾರಿ ಹೊರಟಾಗ ಜಟ್ಟೆಪ್ಪನೂ ಹತ್ತಲಿಲ್ಲ. ಹತ್ತಿರದಲ್ಲೇ ಎಲ್ಲಾದರೂ ಕೆಲಸ ಇದೆಯೇನೋ ಎಂದು ವಿಚಾರಿಸಲು ಹೋದ.