ಮೌನಪ್ಪನಿಗೆ ಬೇಕಿದ್ದ ಐದು ತಾಸು

ಗೆಳೆಯ ದತ್ತಾತ್ರೇಯ ತೀರಿಕೊಂಡು ಹನ್ನೆರಡು ದಿನವಾಯಿತು. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಎದೆ ನೋಯುತ್ತಿದೆ ಎಂದವನು ಡಾಕ್ಟರ ಹತ್ತಿರ ಹೋಗಲಿಲ್ಲ. ಕಂಪ್ಯೂಟರಿನ ಒಂದು ಎಕ್ಸ್‌ಟೆನ್ಶನ್ ಬಗ್ಗೆ ಸಹಾಯ ಕೇಳಲು ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಹೋದ.

ಸಿಕಂದರಾಬಾದ್ ಸ್ಟೇಷನ್ ಎದುರು ಅವನದು ಒಂದು ಮೇಜಿನ ಟಿಕೆಟ್ ಅಂಗಡಿ. ಈಗ, 2014ರಲ್ಲಿ, ಕಂಪ್ಯೂಟರ್ ಬಲ್ಲವರೆಲ್ಲ ತಮ್ಮ ಟಿಕೆಟ್ ತಾವೇ ತೆಗೆಯುತ್ತಾರೆ. ಇವನ ಬಳಿ ಉಳಿದವರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡಿ, ಈಗ ಮಸ್ಕತ್‌ಗೆ ಹೊರಟವರು. ಅಗ್ಗದ ಟಿಕೆಟ್ ಕೇಳುವ ಅವರು ಮುಂಬೈಯಲ್ಲಿ ವಿಮಾನ ಬದಲಿಸಬೇಕು. ಎರಡು ವಿಮಾನಗಳ ನಡುವೆ ಎಷ್ಟು ಹೊತ್ತು ಸಿಗುತ್ತದೆಂದು ತೋರಿಸುವ ಎಕ್ಸ್‌ಟೆನ್ಶನ್ ಎಂಬ ಸಣ್ಣ ತಂತ್ರಾಂಶವೊಂದನ್ನು ದತ್ತಾತ್ರೇಯ ಬ್ರೌಸರಿಗೆ ಹಾಕಿಕೊಂಡಿದ್ದ. ಮೂರು ತಾಸಿಗಿಂತ ಹೆಚ್ಚು ಕಾಯಬೇಕಾದ ವಿಮಾನಗಳನ್ನು ಅದು ಮರೆಮಾಡುತ್ತಿತ್ತು. ಪ್ರಯಾಣಿಕರ ಅನುಕೂಲಕ್ಕಂತೆ.

ಅದು ತೋರಿಸಿದ, ನಡುವೆ ಒಂದೂವರೆ ತಾಸು ಸಿಗುವ ಟಿಕೆಟ್ ಹಿಡಿದು ಗಾರೆ ಕೆಲಸದ ಮೌನಪ್ಪ ಹೋದ. ಅವನಿಗೆ ಓದಲು ಬಾರದು. ಮುಂಬೈಯಲ್ಲಿ ವಿಮಾನ ತಪ್ಪಿಸಿಕೊಂಡು ವಾಪಸು ಬಂದ.

“ಕಂಡಕ್ಟರ ಮಸ್ಕತ್ ಮಸ್ಕತ್ ಅಂತ ಒದರತಾನ ಅಂತ ಕುಂತೆ ನೋಡ್ರಿ. ಒಬ್ಬನೂ ಒದರಲಿಲ್ಲ.”

ನಾನು ನಕ್ಕೆ. ದತ್ತಾತ್ರೇಯ ನಗಲಿಲ್ಲ.

“ಲೇ ಕಾಶ್ಯಾ, ನೀ ಲೈಬ್ರರಿಯವ, ಬೋರ್ಡ್ ಕಂಡ್ರ ಸಾಕು. ಇವ ಹತ್ತು ಮಂದಿನ್ನ ಕೇಳಬೇಕು. ಕೇಳಾಕ ಹೊತ್ತು ಬೇಕಲ್ಲೋ.”

ಮಸ್ಕತ್ತಿನ ಮಾಲೀಕ ಇನ್ನೊಂದೇ ಅವಕಾಶ ಕೊಟ್ಟಿದ್ದ. ಇಪ್ಪತ್ತನೇ ತಾರೀಖಿನೊಳಗೆ ಬರದಿದ್ದರೆ ಕೆಲಸ ಬೇರೆಯವನಿಗೆ. ದತ್ತಾತ್ರೇಯ ಎಕ್ಸ್‌ಟೆನ್ಶನ್ ನಂಬದೆ, ವಿಮಾನ ಕಂಪನಿಗಳ ಸೈಟುಗಳಲ್ಲೇ ಒಂದು ದಿನವಿಡೀ ಹುಡುಕಿ, ನಡುವೆ ಐದು ತಾಸು ಸಿಗುವ ಟಿಕೆಟ್ ತೆಗೆದುಕೊಟ್ಟ.

“ಮುಗೀತಲ್ಲ, ಆ ಎಕ್ಸ್‌ಟೆನ್ಶನ್ ತೆಗೆದುಹಾಕು” ಎಂದೆ.

“ನಾ ತೆಗೀತೀನಿ. ಸನತ್‌ನಗರದಾಗ, ಬೇಗಂ ಬಜಾರದಾಗ ಏಜೆಂಟ್ರು ಇದನ್ನ ನಂಬಿ ಟಿಕೆಟ್ ಕೊಡಾಕತ್ತಾರಲ್ಲ, ಅವರಿಗ್ಯಾರು ಹೇಳಬೇಕು?”

ಹೆಚ್ಚು ಹೊತ್ತು ಸಿಗುವ ವಿಮಾನಗಳನ್ನೂ ತೋರಿಸಿ ಎಂದು ಎಕ್ಸ್‌ಟೆನ್ಶನ್ ಮಾಡಿದ ಕಂಪನಿಗೆ ನಾಲ್ಕು ಮೇಲ್ ಬರೆದ. ತೆಗೆದು ಮತ್ತೆ ಹಾಕಿಕೊಳ್ಳಿ ಎಂದು ನಾಲ್ಕು ಸಲವೂ ಅದೇ ಉತ್ತರ. ಫೋನ್ ಮಾಡಿದರೆ, ಹೆಚ್ಚು ಕಾಯುವುದು ಯಾರಿಗೆ ಬೇಕು ಸರ್, ಎಂದು ಹುಡುಗಿಯೊಬ್ಬಳು ಹಿಂದಿಯಲ್ಲಿ ಕೇಳಿದಳು. ಆಮೇಲೆ ತಾನೇ ಮಾಧಾಪುರಕ್ಕೆ ಹೋದ. ಗಾಜಿನ ಕಟ್ಟಡದ ಗೇಟಿನ ಹೊರಗೆ, ಬಿಸಿಲಲ್ಲಿ, ಮೂರು ತಾಸು ನಿಂತ. ಯಾರೂ ಕೆಳಗಿಳಿದು ಬರಲಿಲ್ಲ. ಒಂದು ಕುರ್ಚಿಯನ್ನಾದರೂ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಬಿದ್ದವನು ಏಳಲಿಲ್ಲ.

ಗಿರಾಕಿಗಳಿಗೆ ಸುದ್ದಿ ಹೇಳಲೆಂದು ಅವನ ಹೆಂಡತಿ ಗಂಗೂಬಾಯಿ ಅವನ ಫೋನನ್ನು ನನ್ನ ಕೈಗೆ ಕೊಟ್ಟಿದ್ದಳು. ಅವನು ತೀರಿಕೊಂಡ ಮೂರನೆಯ ದಿನ ಅದು ಬಡಿದುಕೊಂಡಿತು.

“ಸಾಹೇಬ್ರ, ಮೌನಪ್ಪ ರೀ. ಮುಂಬೈದಾಗ ಆರು ಮಂದಿನ್ನ ಕೇಳಿದೆ. ಇಬ್ರು ಸುಳ್ಳ ದಾರಿ ತೋರ್ಸಿದ್ರು. ಈಗ ಮಸ್ಕತ್ ವಿಮಾನದ ಗೇಟಿನ ಮುಂದನ ಕುಂತೀನಿ. ಇನ್ನೂ ಒಂದು ತಾಸು ಐತ್ರಿ.”

“ನಾ ಕಾಶಿನಾಥಪ್ಪ.”

“ಸಾಹೇಬ್ರು ಊಟಕ್ಕ ಹೋಗ್ಯಾರೇನ್ರಿ?”

“ಹೂಂ.”

“ಬಂದಕೂಡಲೆ ಹೇಳ್ರಿ ಮತ್ತ.”

ನಿನ್ನೆ ದತ್ತಾತ್ರೇಯನ ಹೆಸರಿಗೆ ಕಂಪನಿಯ ಮೇಲ್ ಬಂದಿದೆ. ನಿಮ್ಮ ತೊಂದರೆ ಬಗೆಹರಿದಿದೆ, ನಮ್ಮ ಸಹಾಯಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಎಕ್ಸ್‌ಟೆನ್ಶನ್ ಹಾಕಿ ನೋಡಿದೆ. ಐದು ತಾಸಿನ ವಿಮಾನ ಈಗಲೂ ಕಾಣುವುದಿಲ್ಲ.

ನಾಳೆ ರಜೆ ಹಾಕಿದ್ದೇನೆ. ಅವನ ನಾಲ್ಕೂ ಮೇಲ್‌ಗಳನ್ನು ಪ್ರಿಂಟ್ ತೆಗೆದು ಅದೇ ಗೇಟಿಗೆ ಹೋಗುತ್ತೇನೆ. ಯಾರಾದರೂ ಕೆಳಗಿಳಿದು ಬರುವವರೆಗೆ ಏಳುವುದಿಲ್ಲ. ಕುರ್ಚಿ ನಾನೇ ಒಯ್ಯುತ್ತೇನೆ.