ಗುಲಾಬಿಯ ಕಾಲಿನ ಗಾಯ

ಆರು ವಾರವಾದರೂ ಅತ್ತೆಯ ಕಾಲಿನ ಗಾಯ ಮಾಯಲಿಲ್ಲವಲ್ಲ ಎಂಬ ಚಿಂತೆ ಸುಪ್ರೀತಾಳ ತಲೆ ಬಿಟ್ಟು ಹೋಗುತ್ತಿರಲಿಲ್ಲ. ಮಗುವಿಗೆ ಗಂಜಿ ತಿನ್ನಿಸುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಚುಚ್ಚಿದ್ದು ತೇಡೆ ಮೀನಿನ ಮುಳ್ಳು. ಕಡಲ ದಂಡೆಯ ಊರಾದ ಕೋಡಿಯ ಮೀನುಗಾರರ ಮನೆಗಳಲ್ಲಿ ಅದನ್ನು ಯಾರೂ ಗಾಯವೆಂದೇ ಎಣಿಸುವುದಿಲ್ಲ.

ಅತ್ತೆ ಗುಲಾಬಿ ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳು. ಬೀಜಾಡಿಯವರೆಗೆ ಅವಳ ದನಿ ಕೇಳದೆ ಸಾರಿಗೆ ಮಸಾಲೆ ಅರೆಯುವವರಿರಲಿಲ್ಲ. ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷ. ಮಾತ್ರೆ ನೆನಪಾದರೆ ಉಂಟು, ಇಲ್ಲವಾದರೆ ಇಲ್ಲ; ಗಿರಾಕಿಗಳ ಮನೆಯ ಸಿಹಿ ಚಾ ಮಾತ್ರ ತಪ್ಪಿದ್ದಿಲ್ಲ. "ಕೊಟ್ಟದ್ ಬ್ಯಾಡ ಅಂದ್ರೆ ನಾಳೆ ಮೀನ್ ತಕಂತ್ರಾ?" ಎನ್ನುವಳು.

ಹಿಂದಿನ ವಾರ ಗಾಯಕ್ಕೆ ಪಟ್ಟಿ ಕಟ್ಟಿಸಲು ಹೋದಾಗ ಡಾಕ್ಟರ್ ಗೋವರ್ಧನ ಬಿಡಿಸಿ ಹೇಳಿದ್ದರು. ರಕ್ತದ ಬಿಳಿ ಕಣಗಳು ಮೈಯ ಕಾವಲುಗಾರರು. ಸಕ್ಕರೆ ಏರಿದ ರಕ್ತದಲ್ಲಿ ಅವು ಇಂಧನ ಉರಿಸುವ ಕ್ರಮವೇ ಕೆಡುತ್ತದೆ. ಗಾಯದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದೇ ಕಣಗಳು ಶತ್ರುವೇ ಇಲ್ಲದ ಕಡೆ, ಹೃದಯದ ರಕ್ತನಾಳಗಳ ಗೋಡೆಯಲ್ಲಿ, ಕೆರಳಿ ಉರಿಯೂತ ಎಬ್ಬಿಸುತ್ತವೆ. "ಸಕ್ಕರೆಯಿಂದ ನರ ಸೋತಿದ್ದರೆ ಹೃದಯಾಘಾತವಾದರೂ ಎದೆ ನೋಯಲೇಬೇಕೆಂದಿಲ್ಲ. ಏದುಸಿರು, ತಣ್ಣನೆ ಬೆವರು ಕಂಡರೆ ಕೂಡಲೇ ಫೋನ್ ಮಾಡಿ."

ಇವತ್ತು ಗುಲಾಬಿ ಹತ್ತು ಗಂಟೆಗೇ ಬಂದು ಜಗಲಿಯಲ್ಲಿ ಬುಟ್ಟಿ ಇಳಿಸಿದಳು. ಅರ್ಧ ಬುಟ್ಟಿ ಬಂಗುಡೆ ಹಾಗೇ ಇತ್ತು. ಹಣೆಯ ತುಂಬ ಬೆವರು, ಮುಟ್ಟಿದರೆ ತಣ್ಣಗೆ.

"ಡಾಕ್ಟ್ರಿಗೆ ಫೋನ್ ಮಾಡ್ತೇನೆ, ಅತ್ತೆ."

"ಹ್ವಾಯ್, ಸುರು ಆಯ್ತ್ ಇವ್ಳದ್! ಮಗು ಸೀನಿರೂ ಡಾಕ್ಟ್ರ್, ಬೆಕ್ಕ್ ಕೆಮ್ಮಿರೂ ಡಾಕ್ಟ್ರ್. ಎದಿ ನೋತಿಲ್ಲ ಮಾರಾಯ್ತಿ. ಬಿಸ್ಲ್, ಅಷ್ಟೇ."

ಸುಪ್ರೀತಾಳ ಕೈ ಫೋನಿನ ಮೇಲೆಯೇ ನಿಂತಿತು. ಮಂಗಳೂರಿನಲ್ಲಿ ಓದಿದ ಸೊಸೆಯ ಹೆದರಿಕೆ ಕೇರಿಗೆಲ್ಲ ತಮಾಷೆ. ಎರಡು ಸಲ ಮಗುವನ್ನೆತ್ತಿಕೊಂಡು ಸುಮ್ಮನೆ ಆಸ್ಪತ್ರೆಗೆ ಓಡಿದ್ದಳು. ಮತ್ತೆ ನಗೆಪಾಟಲಾದರೆ?

ಕಣ್ಣು ಬುಟ್ಟಿಯತ್ತ ಹೋಯಿತು. ಐಸಿನ ನಡುವೆ ಬಂಗುಡೆ ಮಿರಮಿರ ಮಿಂಚುತ್ತಿತ್ತು. ಒಂದನ್ನು ಎತ್ತಿ ಹಿಡಿದಳು.

"ಮೈ ಹೊಳೀತದೆ ಅಂತ ಇದನ್ನು ಹಾಗೇ ತಗೊಳ್ತೀರಾ, ಅತ್ತೆ?"

"ಹುಚ್ಚಾ ನಿಂಗೆ? ಐಸ್ ಹಾಕಿರೆ ಎಲ್ಲಾ ಹೊಳಿತ್ತ್. ಒಳ್ಗ್ ಕೆಂಪಿತ್ತಾ ಅಂದ್ ಕಿವಿರ್ ಎತ್ತಿ ಕಾಣ್ಕ್."

"ನಿಮ್ಮ ಕಿವಿರು ಎತ್ತಿ ನೋಡ್ಲಿಕ್ಕೆ ಡಾಕ್ಟ್ರೇ ಬೇಕು."

ಗುಲಾಬಿ ನಕ್ಕಳು. ಉಸಿರು ಸಾಲದೆ ನಗು ಅರ್ಧಕ್ಕೆ ನಿಂತಿತು. ಕಂಬಕ್ಕೆ ಒರಗಿ, "ಮಾಡ್ ಹಂಗಾರೆ. ಮೀನ್ ಒಳ್ಗ್ ಇಡ್, ಬೆಕ್ಕ್ ಬತ್ತ್" ಎಂದಳು.

ಸುಪ್ರೀತಾ ನಂಬರ್ ಒತ್ತಿದಳು.

"ಡಾಕ್ಟ್ರೇ, ಕೋಡಿಯಿಂದ ಸುಪ್ರೀತಾ. ಅತ್ತೆಗೆ ಏದುಸಿರು, ತಣ್ಣನೆ ಬೆವರು. ಎದೆನೋವಿಲ್ಲ. ನೋವಿಲ್ಲ ಅಂತ ನಾನು ಕಾಯುವುದಿಲ್ಲ. ಆಂಬುಲೆನ್ಸ್ ಕಳಿಸಿ."