ಕಾಯಂ ಆಗುವ ವರ್ಷ

ನನಗೆ ನಗುವುದನ್ನು ಕಲಿಸಿದ್ದು ಹೈದರಾಬಾದಿನ ಉಪ್ಪಲ್‌ನ ಒಂದು ದೊಡ್ಡ ಪಾತ್ರೆ ಸಾಮಾನಿನ ಅಂಗಡಿ. ಅಲ್ಲಿಯವರೆಗೆ ನಗು ಬಂದರೆ ನಗುತ್ತಿದ್ದೆ, ಬರದಿದ್ದರೆ ಇಲ್ಲ. ಇಂಟರ್, ಅಂದರೆ ಇಲ್ಲಿನ ಪಿಯುಸಿ, ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ ಮೊದಲ ವಾರ ನಮ್ಮನ್ನು, ನಾಲ್ಕು ಜನ ಹುಡುಗಿಯರನ್ನು, ಗೋದಾಮಿನಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿದರು. ಹಲ್ಲು ಎಷ್ಟು ಕಾಣಬೇಕು, ಗಿರಾಕಿ ಎಷ್ಟು ಹೆಜ್ಜೆ ಒಳಗೆ ಬಂದ ಮೇಲೆ ನಮಸ್ತೆ ಅನ್ನಬೇಕು, ಕೈ ಎಲ್ಲಿ ಕಟ್ಟಿಕೊಳ್ಳಬೇಕು, ಎಲ್ಲ ಹೇಳಿಕೊಟ್ಟರು. ಇದನ್ನು ಕೇಳಿ ಅವ್ವ, "ಹೆಣ್ಣು ನೋಡಾಕ ಬಂದಾಗೂ ಇಷ್ಟು ಹೇಳಿಕೊಡಂಗಿಲ್ಲವ್ವಾ" ಎಂದು ಬಿದ್ದು ಬಿದ್ದು ನಕ್ಕಿದ್ದಳು.

ನಾವು ಯಾದಗಿರಿ ಕಡೆಯವರು. ಅಪ್ಪ ನಾನು ಹುಟ್ಟುವ ಮೊದಲೇ ಸೆಂಟ್ರಿಂಗ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು. ಸ್ಲ್ಯಾಬ್ ಹಾಕುವ ಮೊದಲು ಎತ್ತರದಲ್ಲಿ ಹಲಗೆ ಕಟ್ಟುವುದು ಅವನ ಕೆಲಸ. ನಾನು ಇಂಟರ್ ಮುಗಿಸುವ ಹೊತ್ತಿಗೆ ಅವನ ಬಲಭುಜ ಕೆಟ್ಟುಹೋಗಿತ್ತು. ಅಂಗಿ ಹಾಕಿಕೊಳ್ಳುವಾಗ ಅವ್ವ ತೋಳು ತೂರಿಸಿ ಕೊಡಬೇಕಿತ್ತು. ಆದರೂ ದಿನಾ ಮೇಲೆ ಹತ್ತುತ್ತಿದ್ದ. ಕೆಳಗೆ ನಿಂತವರಿಗೆ ಭುಜ ಕಾಣುವುದಿಲ್ಲ, ಹಲಗೆ ಕಾಣುತ್ತದೆ ಎನ್ನುತ್ತಿದ್ದ.

ಅಪ್ರೆಂಟಿಸ್ ಒಂದು ವರ್ಷ. ವರ್ಷ ಮುಗಿದ ಮೇಲೆ ನಾಲ್ವರಲ್ಲಿ ಇಬ್ಬರನ್ನು ಕಾಯಂ ಮಾಡುತ್ತೇವೆ ಎಂದಿದ್ದರು. ಹೀಗಾಗಿ ಆ ವರ್ಷ ನಮ್ಮ ಮನೆಯಲ್ಲಿ ಅವ್ವನದು ಒಂದೇ ಮಾತು. ಅನ್ನ ಬಡಿಸುವಾಗಲೂ ಅದೇ, ನೀರು ಹಿಡಿಯುವಾಗಲೂ ಅದೇ. "ನೀ ಕಾಯಂ ಆಗು. ನಿಮ್ಮಪ್ಪನ್ನ ಕೆಳಗ ಇಳಸೂಣು." ಅಪ್ಪ ಬೆಳಿಗ್ಗೆ ನನ್ನ ಕೊರಳಿನ ಗುರುತಿನ ಚೀಟಿಯ ಪಟ್ಟಿ ತಿರುಚಿಕೊಂಡಿದ್ದರೆ ಎಡಗೈಯಿಂದ ಅದನ್ನು ನೇರ ಮಾಡುತ್ತಿದ್ದ.

ನಾನು ಕೆಲಸದಲ್ಲಿ ಚುರುಕಿದ್ದೆ. ಇದನ್ನು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ, ಯಾಕೆಂದರೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಸ್ಟೀಲ್ ವಿಭಾಗ ನನ್ನದು. ಕುಕ್ಕರಿನ ತಳ ಎಷ್ಟು ದಪ್ಪ, ಯಾವ ಡಬ್ಬಿಯ ಮುಚ್ಚಳ ತಿಂಗಳಿಗೆ ಸಡಿಲಾಗುತ್ತದೆ, ಎಲ್ಲ ಗೊತ್ತಿತ್ತು. ತೆಲುಗಿನವರಿಗೆ ತೆಲುಗು, ಹಿಂದಿಯವರಿಗೆ ಹಿಂದಿ. ಕನ್ನಡ ಮನೆಯಲ್ಲಿ ಮಾತ್ರ. ಅಂಗಡಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಅದನ್ನು ಬಿಟ್ಟು ಒಳಗೆ ಹೋಗುತ್ತಿದ್ದೆ.

ತರಬೇತಿ ಕೊಟ್ಟವರು ಒಂದು ಎಚ್ಚರಿಕೆ ಹೇಳಿದ್ದರು. ವರ್ಷದಲ್ಲಿ ಒಂದೆರಡು ಸಲ ಕಂಪನಿಯೇ ಯಾರನ್ನೋ ಗಿರಾಕಿಯ ವೇಷದಲ್ಲಿ ಕಳಿಸುತ್ತದೆ, ಅವರು ಸಾಮಾನು ನೋಡುವಂತೆ ಮಾಡಿ ನಮ್ಮನ್ನು ನೋಡುತ್ತಾರೆ, ಹೋಗಿ ಅಂಕ ಹಾಕುತ್ತಾರೆ, ಕಾಯಂ ಮಾಡುವಾಗ ಆ ಅಂಕವೇ ಮುಖ್ಯ ಎಂದು. ನಾವು ಅವರಿಗೆ ಗುಟ್ಟಿನ ಗಿರಾಕಿ ಎಂದು ಹೆಸರಿಟ್ಟೆವು. ಸೂಟು ಹಾಕಿದವರು, ಹೆಚ್ಚು ಪ್ರಶ್ನೆ ಕೇಳುವವರು, ಮೊಬೈಲ್ ಎತ್ತಿ ಹಿಡಿಯುವವರು ಬಂದರೆ ನಾಲ್ವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದೆವು.

ವರ್ಷ ಮುಗಿಯಲು ಒಂದು ತಿಂಗಳಿದ್ದಾಗ ಒಬ್ಬ ಹೆಂಗಸು ಬಂದಳು. ನೂಲಿನ ಸೀರೆ, ಕೈತುಂಬ ಹಸಿರು ಬಳೆ. ದೊಡ್ಡ ಕೊಡವೊಂದನ್ನು ಎತ್ತಿ ಇಳಿಸಿ, ಹರಕುಮುರುಕು ತೆಲುಗಿನಲ್ಲಿ ಏನೋ ಕೇಳಲು ಹೋಗಿ ತಡವರಿಸಿ, "ಹೆಂಗ ಹೇಳಾದು ಯವ್ವಾ ಇವರಿಗೆ" ಎಂದು ತನ್ನಷ್ಟಕ್ಕೆ ಗೊಣಗಿದಳು.

ಹನ್ನೊಂದು ತಿಂಗಳಲ್ಲಿ ಆ ಅಂಗಡಿಯೊಳಗೆ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. "ಕನ್ನಡದಾಗ ಹೇಳ್ರಿ ಅಕ್ಕಾರ" ಎಂದೆ.

"ಅಯ್ಯ, ನಮ್ಮಾಕಿನಾ ನೀ!" ಎಂದು ಆಕೆ ನನ್ನ ಕೈ ಹಿಡಿದುಕೊಂಡಳು. ಯಾವ ಊರು, ಅಪ್ಪ ಏನು ಮಾಡುತ್ತಾನೆ, ಎಲ್ಲ ಕೇಳಿದಳು. ಎಲ್ಲ ಹೇಳಿದೆ. ಮಗಳ ಮದುವೆ, ಭಾಂಡೆ ಸಾಮಾನು ಕೊಡಬೇಕು ಎಂದಳು. ಆಮೇಲೆ, "ಹೆಸರು ಹಾಕಿಕೊಡ್ತೀರೇನು?" ಎಂದಳು.

ನಮ್ಮ ಕಡೆ ಹೆಸರಿಲ್ಲದ ಪಾತ್ರೆಯನ್ನು ಮದುವೆಯಲ್ಲಿ ಕೊಡುವುದಿಲ್ಲ. ಕೊಟ್ಟವರ ಹೆಸರು, ಊರು, ಯಾರ ಮದುವೆಗೆ ಎಂಬುದು ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿರಬೇಕು. ಅವ್ವನ ತಂಬಿಗೆಯ ಮೇಲೆ ಸೋದರಮಾವನ ಹೆಸರಿದೆ, ಕೊಡದ ಮೇಲೆ ಅತ್ತೆಯದು. ಆ ಅತ್ತೆಯ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ, ಆದರೂ ದಿನಾ ನೀರು ತುಂಬುವಾಗ ಅವ್ವ ಹೆಸರು ಓದಿ ಒಂದು ಬೈಗುಳ ಬೈದು ಕೊಡ ಎತ್ತುತ್ತಾಳೆ. ಹೆಸರಿಲ್ಲದ ಕೊಡ ತೆಗೆದುಕೊಂಡು ಹೋದ ತಾಯಿಗೆ ಬೀಗರ ಮನೆಯಲ್ಲಿ ಎಂಥ ಮಾತು ಕೇಳಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮ ಅಂಗಡಿಯಲ್ಲಿ ಹೆಸರು ಹಾಕುವ ಯಂತ್ರವೇ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನಮಗೆ ಕಲಿಸಿದ್ದರು. ಇಲ್ಲ ಎನ್ನಬಾರದು. ಬದಲಿಗೆ ಚಂದದ ಕಾಗದ ಸುತ್ತಿ ರಿಬ್ಬನ್ ಕಟ್ಟಿಕೊಡುತ್ತೇವೆ ಮೇಡಂ ಎನ್ನಬೇಕು. ನಾನು ಅತ್ತಿತ್ತ ನೋಡಿ, ದನಿ ಇಳಿಸಿ ಹೇಳಿದೆ: "ಇಲ್ಲಿ ಹಾಕಂಗಿಲ್ರಿ ಅಕ್ಕಾರ. ಬೇಗಂ ಬಜಾರಕ್ಕ ಹೋಗ್ರಿ. ಅಲ್ಲಿ ತೂಕದ ಮ್ಯಾಲೆ ಕೊಡ್ತಾರ, ಸೋವಿ ಬೀಳತೈತಿ, ನಿಮ್ಮ ಮುಂದನ ಹೆಸರೂ ಹಾಕಿಕೊಡ್ತಾರ. ನಾ ಹೇಳೀನಂತ ಮಾತ್ರ ಯಾರ ಮುಂದೂ ಅನಬ್ಯಾಡ್ರಿ."

"ದೇವರು ನಿನ್ನ ಛಲೋ ಇಟ್ಟಿರಲಿ ತಂಗಿ" ಎಂದು ನನ್ನ ಕೆನ್ನೆ ಸವರಿ ಹೋದಳು. ಆ ಇಡೀ ದಿನ ನಾನು ಯಾರೂ ಹೇಳಿಕೊಡದೆಯೇ ನಗುತ್ತಿದ್ದೆ.

ಎರಡು ವಾರದ ಮೇಲೆ ಮ್ಯಾನೇಜರ್ ಕರೆದರು. ತೆಲುಗಿನವರು, ಒಳ್ಳೆಯ ಮನುಷ್ಯ. ಅಂಕದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಸ್ವಾಗತಕ್ಕೆ ಪೂರ್ತಿ ಅಂಕ. ನಗುವಿಗೆ ಪೂರ್ತಿ. ಸಾಮಾನಿನ ತಿಳಿವಳಿಕೆಗೆ ಪೂರ್ತಿ. ಕೆಳಗೆ ಷರಾ: ಗಿರಾಕಿಯನ್ನು ಬೇರೆ ಮಾರುಕಟ್ಟೆಗೆ ಕಳಿಸಿದ್ದಾಳೆ, ವಿಷಯ ಮುಚ್ಚಿಡಲು ಕೇಳಿಕೊಂಡಿದ್ದಾಳೆ. ಹಾಳೆಯ ಮೇಲಿನ ತಾರೀಖು ನೋಡಿದ ಮೇಲೂ ನಾನು ಇನ್ನಾರೋ ಇರಬೇಕು, ಸೂಟು ಹಾಕಿದ್ದವರು ಯಾರೋ ಎಂದುಕೊಳ್ಳಲು ನೋಡಿದೆ.

"ಆಕೆಗೆ ನಿಜವಾಗಿ ಮಗಳಿದ್ದಾಳಾ ಸರ್?" ಎಂದು ಕೇಳಿದೆ. ಅದೊಂದೇ ಕೇಳಿದ್ದು.

ಗೊತ್ತಿಲ್ಲಮ್ಮ ಎಂದರು. ಇಂಥ ಗಿರಾಕಿಗಳನ್ನು ಕಳಿಸುವ ಏಜೆನ್ಸಿಯವರು ಎಲ್ಲ ಭಾಷೆಯ ಹೆಂಗಸರನ್ನೂ ಇಟ್ಟುಕೊಂಡಿರುತ್ತಾರೆ, ಸ್ವಂತ ಭಾಷೆ ಕೇಳಿದರೆ ಹುಡುಗಿಯರು ಬೇಗ ಬಾಯಿ ಬಿಡುತ್ತಾರಂತೆ ಎಂದು ಅವರೇ ತಲೆ ತಗ್ಗಿಸಿ ಹೇಳಿದರು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಸತ್ಯ ಹೇಳಿದವರ ಗತಿ ಏನೆಂದು ಆ ಗಾದೆ ಮಾಡಿದವರು ಹೇಳಿಲ್ಲ. ಗೋದಾಮಿಗೆ ಹೋಗಿ ಅತ್ತೆ. ಕಾಯಂ ಕೆಲಸ ಕೈತಪ್ಪಿತೆಂದು ಅತ್ತದ್ದು ಕಡಿಮೆ. ಆಕೆ ಕೆನ್ನೆ ಸವರಿದ್ದಳಲ್ಲ, ಅದಕ್ಕೇ ಹೆಚ್ಚು ಅತ್ತೆ. ಅಂಕ ಹಾಕಲು ಬಂದವಳಿಗೆ ಅದರ ಅಗತ್ಯವೇನಿತ್ತು?

ಮನೆಯಲ್ಲಿ ಇನ್ನೊಂದು ಕಾದಿತ್ತು. ತಿಂಗಳೊಪ್ಪತ್ತಿನಲ್ಲಿ ಮಗಳು ಕಾಯಂ ಆಗುತ್ತಾಳೆ ಎಂದು ನಂಬಿ ಅಪ್ಪ ಹಿಂದಿನ ವಾರವೇ ಮೇಸ್ತ್ರಿಗೆ ಹೇಳಿ ಸೆಂಟ್ರಿಂಗ್ ಗುಂಪು ಬಿಟ್ಟಿದ್ದ. ಅವನ ಜಾಗಕ್ಕೆ ಬೇರೆಯವನು ಬಂದಾಗಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಹಣೆ ಬಡಿದುಕೊಂಡು, "ಮಾತು ಆಡಿದರ ಹೋತು, ಮುತ್ತು ಒಡದರ ಹೋತು" ಎಂದಳು. ಆಮೇಲೆ ಆ ಹೆಂಗಸಿನ ಮಗಳಿಗೆ, ಮಗಳಿದ್ದರೆ, ಆಗಬಾರದ್ದೆಲ್ಲ ಆಗಲಿ ಎಂದು ಶಾಪ ಹಾಕಿದಳು.

ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಇಲ್ಲವೇ, ಸಿನಿಮಾದ ಅಪ್ಪಂದಿರಂತೆ, ಖರೇ ಹೇಳಿದ್ದು ಛಲೋ ಆತು ಎನ್ನಬಹುದು ಎಂಬ ಆಸೆಯೂ ಇತ್ತು.

"ಇನ್ನ ಮ್ಯಾಲೆ ಕನ್ನಡದಾಗ ಯಾರರೆ ಮಾತಾಡಿಸಿದರ," ಎಂದ, "ತಿಳೀಲಾರದಂಗ ಇರು."

ಮರುದಿನದಿಂದ ಅಪ್ಪ ಕೂಲಿ ಅಡ್ಡಾದಲ್ಲಿ ನಿಲ್ಲತೊಡಗಿದ. ಅಲ್ಲಿ ಬೆಳಿಗ್ಗೆ ಗುತ್ತಿಗೆದಾರರು ಬಂದು ಜನರನ್ನು ಆರಿಸಿಕೊಳ್ಳುತ್ತಾರೆ. ಮೊದಲು ವಯಸ್ಸಿನ ಹುಡುಗರು ಹೋಗುತ್ತಾರೆ. ಅಪ್ಪ ಎಷ್ಟೋ ದಿನ ಬಿಸಿಲೇರಿದ ಮೇಲೆ ಡಬ್ಬಿಯ ಬುತ್ತಿಯನ್ನು ಹಾಗೇ ವಾಪಸು ತಂದು ಮನೆಯಲ್ಲಿ ತಿನ್ನುತ್ತಿದ್ದ. ಕೆಲಸ ಸಿಕ್ಕ ದಿನ ಮತ್ತೆ ಹಲಗೆ, ಮತ್ತೆ ಎತ್ತರ.

ನನಗೆ ಸರ್ಟಿಫಿಕೇಟು ಸಿಕ್ಕಿತು. ಅದನ್ನು ಹಿಡಿದು ನಾಲ್ಕಾರು ಕಡೆ ಅಲೆದು, ಕೊನೆಗೆ ಅಂಗಡಿಗಳಿಗೆ ಕೆಲಸದವರನ್ನು ಒದಗಿಸುವ ಏಜೆನ್ಸಿಯೊಂದರ ಮೂಲಕ ಚಪ್ಪಲಿ ಅಂಗಡಿಗೆ ಸೇರಿದೆ. ಅಲ್ಲಿ ಕಾಯಂ ಎಂಬ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ಬೇಡವಾದ ದಿನ ಬೇಡ ಎನ್ನುತ್ತಾರೆ, ಅಷ್ಟೇ.

ಸೇರಿದ ಕೆಲವೇ ತಿಂಗಳಿಗೆ, ಮೈಮೇಲಿನ ಸಿಮೆಂಟಿನ ಪುಡಿಯನ್ನು ಪೂರ್ತಿ ತೊಳೆಯಲಾಗದ ಒಬ್ಬ ಹೆಂಗಸು ಬಂದಳು. ರಿಯಾಯಿತಿಯ ಬುಟ್ಟಿಯಿಂದ ಹುಡುಗಿಯರ ಒಂದು ಜೊತೆ ಬೂಟು ತೆಗೆದು, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ತಂಗಿ, ನಮ್ಮ ಕಡೆಯಾಕಿ ಇದ್ದಂಗ ಕಾಣಸ್ತಿ. ಹುಡುಗಿ ಊರಾಗ ಐತಿ, ಅಳತಿ ಗೊತ್ತಿಲ್ಲ. ಸಣ್ಣು ಆದರ ಬದಲಿ ಕೊಡ್ತೀರೇನು?"

ರಿಯಾಯಿತಿಯ ಸಾಮಾನಿಗೆ ಬದಲಿ ಇಲ್ಲ. ಅದು ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. 'ಕೊಡಂಗಿಲ್ಲಕ್ಕಾ' ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಅವಳ ಸಿಮೆಂಟು ಕಂಡಿತ್ತು, ಒಡೆದ ಉಗುರು ಕಂಡಿತ್ತು. ಆದರೂ, ಇದೂ ವೇಷವಿದ್ದರೆ ಎಂದು ಹೆದರಿದೆ. "ಮೇಡಂ, ಹಿಂದೀ ಮೇ ಬೋಲಿಯೇ" ಎಂದೆ. ಅವಳು ಸ್ವಲ್ಪ ನಾಚಿಕೊಂಡು, ಮತ್ತೇನೂ ಕೇಳದೆ ಬೂಟು ತೆಗೆದುಕೊಂಡು ಹೋದಳು.

ಊರಿಗೆ ಹೋಗಿ ಬಂದ ಮೇಲೆ ಅದೇ ಬೂಟು ಹಿಡಿದು ವಾಪಸು ಬಂದಳು. ಕೌಂಟರಿನಲ್ಲಿ ಆಗುವುದಿಲ್ಲ ಎಂದು ಕಳಿಸಿದರು. ಅವಳು ನೇರ ನನ್ನ ಹತ್ತಿರ ಬಂದಳು. ಪೆಟ್ಟಿಗೆ ತೆರೆದು ತೋರಿಸಿದಳು. ದಾರಿಯುದ್ದಕ್ಕೂ ಯಾರನ್ನೋ ಕೇಳಿ ಕಲಿತುಕೊಂಡು ಬಂದಿದ್ದಳೇನೋ, ತಪ್ಪಬಾರದೆಂದು ಒಂದೊಂದೇ ಪದ ಬಿಡಿಸಿ ಹಿಂದಿಯಲ್ಲಿ ಹೇಳಿದಳು: "ಮೇಡಂ, ಛೋಟಾ ಹುವಾ."